ಯಂತ್ರವಿಲ್ಲದೆ ಅಮೆರಿಕಕ್ಕೆ ಫ್ಯಾಕ್ಸ್: ಕಳಿಸುವುದು ಪುಕ್ಕಟೆ, ಪಡೆಯಲು ಸ್ವಲ್ಪ ಖರ್ಚು

ಇಲ್ಲಿ ಒಂದು ಈಮೇಲ್‌ನಲ್ಲಿ ಮುಗಿಯುವ ಕೆಲಸಕ್ಕೆ ಅಮೆರಿಕದಲ್ಲಿ ಇವತ್ತಿಗೂ ಫ್ಯಾಕ್ಸ್ ಕೇಳುತ್ತಾರೆ. ಡಾಕ್ಟರ ಆಫೀಸು, ಇನ್ಶೂರೆನ್ಸ್ ಕಂಪನಿ, ತೆರಿಗೆ ಇಲಾಖೆ ಐಆರ್‌ಎಸ್, ಎಲ್ಲ ಕಡೆಯೂ ಇದೇ ಕಥೆ. ಅಲ್ಲಿರುವವರಿಗಾಗಲಿ, ಬೆಂಗಳೂರಿನಲ್ಲಿ ಕೂತು ಅಲ್ಲಿ ಕಂಪನಿ ತೆರೆಯುವವರಿಗಾಗಲಿ ಇದಕ್ಕೆ ಯಂತ್ರ ಬೇಡ, ಲ್ಯಾಂಡ್‌ಲೈನೂ ಬೇಡ. ಒಂದು ಪಿಡಿಎಫ್, ಒಂದು ಈಮೇಲ್ ವಿಳಾಸ ಸಾಕು.

ಅಮೆರಿಕ ಮತ್ತು ಕೆನಡಾ ನಂಬರ್‌ಗಳಿಗೆ ಪುಕ್ಕಟೆ ಕಳಿಸಲು ಎರಡು ತಾಣಗಳು ಚೆನ್ನಾಗಿವೆ. ಫ್ಯಾಕ್ಸ್‌ಝೀರೋದಲ್ಲಿ ಒಂದು ಸಲಕ್ಕೆ 3 ಪುಟ ಮತ್ತು ಕವರ್ ಪುಟ, ದಿನಕ್ಕೆ 5 ಫ್ಯಾಕ್ಸ್. ಕವರ್ ಪುಟದ ಮೇಲೆ ಅವರ ಜಾಹೀರಾತು ಇರುತ್ತದೆ. ಗಾಟ್‌ಫ್ರೀಫ್ಯಾಕ್ಸ್‌ನಲ್ಲಿ ಜಾಹೀರಾತಿಲ್ಲ, 3 ಪುಟ, ದಿನಕ್ಕೆ 2. ಈ ಮಿತಿಗಳು ಆಗಾಗ ಬದಲಾಗುವುದರಿಂದ ಕಳಿಸುವ ಮುನ್ನ ಅವರ ಪುಟದಲ್ಲಿ ಒಮ್ಮೆ ನೋಡಿಕೊಳ್ಳಿ. ಹನ್ನೆರಡು ಪುಟ ಇದ್ದರೆ ನಾಲ್ಕು ತುಂಡು ಮಾಡಿ ಪುಕ್ಕಟೆ ಕಳಿಸಲು ಹೋಗಬೇಡಿ. ಆ ಕಡೆ ಅವು ಬೇರೆ ಬೇರೆ ಫೈಲಿಗೆ ಸೇರಿ, ‘ನಿಮ್ಮ ಕಾಗದ ಅಪೂರ್ಣ’ ಎಂದು ವಾಪಸ್ ಬರುತ್ತವೆ. ಇದೇ ತಾಣಗಳಲ್ಲಿ ಸ್ವಲ್ಪ ಹಣ ಕೊಟ್ಟು ಒಟ್ಟಿಗೇ ಕಳಿಸುವುದು ಲೇಸು.

ನಿಜವಾದ ಕೆಲಸ ಪಿಡಿಎಫ್ ಸಿದ್ಧ ಮಾಡುವುದರಲ್ಲಿದೆ. ಫ್ಯಾಕ್ಸಿಗೆ ಗೊತ್ತಿರುವುದು ಎರಡೇ ಬಣ್ಣ: ಕಪ್ಪು, ಬಿಳಿ. ಒಂದು ಸಾಲಿಗೆ 1728 ಚುಕ್ಕೆ. ಉದ್ದಕ್ಕೆ ಇಂಚಿಗೆ ಸಾಧಾರಣ ದರ್ಜೆಯಲ್ಲಿ 98 ಸಾಲು, ‘ಫೈನ್’ ದರ್ಜೆಯಲ್ಲಿ 196. ಫೋನಿನಲ್ಲಿ ತೆಗೆದ ಫೋಟೋದ ಮೂಲೆಯ ನೆರಳು ಅಲ್ಲಿ ಕಪ್ಪು ಮಚ್ಚೆಯಾಗಿ ಅಕ್ಷರಗಳನ್ನು ನುಂಗುತ್ತದೆ. ಇನ್ನೊಂದು ತೊಂದರೆಯೂ ಇದೆ. ಬೂದು ಹಿನ್ನೆಲೆ ಸಾವಿರಾರು ಚುಕ್ಕೆಗಳಾಗಿ ಒಡೆಯುವುದರಿಂದ ಪುಟ ಸಾಗಲು ಹೆಚ್ಚು ಹೊತ್ತು ಹಿಡಿದು, ಮಧ್ಯದಲ್ಲೇ ಲೈನ್ ಕಡಿದುಹೋಗಬಹುದು. ಸ್ಕ್ಯಾನರ್ ಆ್ಯಪ್‌ನಲ್ಲಿ ‘ಬ್ಲ್ಯಾಕ್ ಅಂಡ್ ವೈಟ್’ ಆರಿಸಿ, ಗ್ರೇಸ್ಕೇಲ್ ಅಲ್ಲ. ತಿಳಿನೀಲಿ ಸೀಲು, ಪೆನ್ಸಿಲ್ ಬರಹ ಮಾಯವಾಗುತ್ತವೆ. ಹೈಲೈಟರ್ ಹಚ್ಚಿದ ಸಾಲು ಕಪ್ಪು ಪಟ್ಟಿಯಾಗಬಹುದು. ಸಹಿಗೆ ಕಪ್ಪು ಪೆನ್ನೇ ಇರಲಿ.

ಭಾರತದಿಂದ ತಂದ ದಾಖಲೆಗಳಲ್ಲಿ, ಉದಾಹರಣೆಗೆ ಮಕ್ಕಳ ಲಸಿಕೆ ಪಟ್ಟಿಯಲ್ಲಿ, ಕಾಗದದ ಅಳತೆಯೇ ಕೈಕೊಡುತ್ತದೆ. ನಮ್ಮ ಎ4 ಹಾಳೆ 297 ಮಿ.ಮೀ. ಉದ್ದ, ಅಲ್ಲಿನ ಲೆಟರ್ ಹಾಳೆ 279. ಕೆಳಗಿನ 18 ಮಿ.ಮೀ., ಅಂದರೆ ಸಹಿ ಮತ್ತು ಸೀಲು ಇರುವ ಜಾಗವೇ, ಕತ್ತರಿಸಿಹೋಗಬಹುದು ಅಥವಾ ಇನ್ನೊಂದು ಪುಟಕ್ಕೆ ಬೀಳಬಹುದು. ಪಿಡಿಎಫ್ ಮಾಡುವಾಗಲೇ ಲೆಟರ್ ಅಳತೆ ಆರಿಸಿ ‘ಫಿಟ್ ಟು ಪೇಜ್’ ಕೊಡಿ.

ಕಳಿಸುವುದು ಹೀಗೆ: ನಿಮ್ಮ ಹೆಸರು, ಈಮೇಲ್, ಪಡೆಯುವವರ ಹೆಸರು, ಏರಿಯಾ ಕೋಡ್ ಸೇರಿ ಹತ್ತಂಕಿಯ ಫ್ಯಾಕ್ಸ್ ನಂಬರ್ ತುಂಬಿ, ಪಿಡಿಎಫ್ ಸೇರಿಸಿ, ಒತ್ತಿ. ಕವರ್ ಪುಟದಲ್ಲಿ ‘ಅಟೆನ್ಷನ್’ ಎಂದು ವಿಭಾಗದ ಹೆಸರು, ಒಟ್ಟು ಪುಟ, ವಾಪಸ್ ಕರೆಯಲು ಫೋನ್ ನಂಬರ್ ಇಂಗ್ಲಿಷಿನಲ್ಲಿ ಬರೆಯಿರಿ. ಸೋಶಿಯಲ್ ಸೆಕ್ಯುರಿಟಿ ನಂಬರ್ (ನಮ್ಮ ಆಧಾರ್‌ನಂತೆ ಅಲ್ಲಿ ಬಳಸುವ ಸರ್ಕಾರಿ ಸಂಖ್ಯೆ), ಕಾಯಿಲೆಯ ವಿವರ ಕವರ್ ಪುಟಕ್ಕೆ ಬೇಡವೇ ಬೇಡ. ಯಂತ್ರದ ಮುಂದೆ ಹಾದುಹೋಗುವ ಎಲ್ಲರೂ ಅದನ್ನು ಓದುತ್ತಾರೆ. ಫ್ಯಾಕ್ಸ್‌ಝೀರೋದ ಪುಕ್ಕಟೆ ಸೇವೆಯಲ್ಲಿ ಇಲ್ಲಿಗೇ ಮುಗಿಯಲಿಲ್ಲ. ಈಮೇಲ್‌ಗೆ ಬರುವ ಕೊಂಡಿಯನ್ನು ಒತ್ತಿದ ಮೇಲೆಯೇ ಫ್ಯಾಕ್ಸ್ ಹೊರಡುತ್ತದೆ. ಬರದಿದ್ದರೆ ಸ್ಪ್ಯಾಮ್ ನೋಡಿ.

ಆಮೇಲೆ ಫಲಿತಾಂಶದ ಈಮೇಲ್ ಬರುತ್ತದೆ. ‘ಬಿಜಿ’ ಎಂದಿದ್ದರೆ ಮತ್ತೆ ಕಳಿಸಿ. ಭಾರತದ ಬೆಳಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಅಲ್ಲಿ ಪೂರ್ವ ಕರಾವಳಿಯಲ್ಲಿ ರಾತ್ರಿ, ಲೈನ್ ಬಿಡುವಾಗಿರುತ್ತದೆ. ‘ನೋ ಆನ್ಸರ್’ ಎಂದರೆ ಯಂತ್ರ ಆಫ್ ಆಗಿರಬಹುದು, ಕಾಗದ ಮುಗಿದಿರಬಹುದು. ಮನುಷ್ಯರು ಫೋನ್ ಎತ್ತಿದರೆಂದು ಬಂದರೆ ನಂಬರೇ ತಪ್ಪಿರಬಹುದು. ‘ಯಶಸ್ವಿ’ ಎಂದರೂ ಯಂತ್ರ ಸ್ವೀಕರಿಸಿದೆ ಎಂದಷ್ಟೇ ಅರ್ಥ. ಆ ಈಮೇಲ್ ಅಳಿಸಬೇಡಿ. ಎರಡು ದಿನ ಬಿಟ್ಟು ಫೋನ್ ಮಾಡಿ, ದಿನ, ವೇಳೆ, ಪುಟಗಳ ಸಂಖ್ಯೆ ಹೇಳಿ ವಿಚಾರಿಸಿ.

ಫ್ಯಾಕ್ಸ್ ಪಡೆಯುವುದು ಬೇರೆ ಮಾತು, ಏಕೆಂದರೆ ಅದಕ್ಕೆ ನಿಮ್ಮದೇ ನಂಬರ್ ಬೇಕು. ಮೊಬೈಲ್ ನಂಬರ್‌ಗಾಗಲಿ ಗೂಗಲ್ ವಾಯ್ಸ್ ನಂಬರ್‌ಗಾಗಲಿ ಫ್ಯಾಕ್ಸ್ ಬರುವುದಿಲ್ಲ. ಅಮೆರಿಕದಲ್ಲೇ ಇದ್ದು ಒಂದೇ ಸಲ ಬೇಕಿದ್ದರೆ ಹತ್ತಿರದ ಸಾರ್ವಜನಿಕ ಗ್ರಂಥಾಲಯದಲ್ಲಿ ಅಥವಾ ಯುಪಿಎಸ್ ಸ್ಟೋರ್‌ನಲ್ಲಿ ಕೇಳಿ. ಪುಟಕ್ಕಿಷ್ಟು ಎಂದು ತೆಗೆದುಕೊಳ್ಳುತ್ತಾರೆ. ಉಳಿದವರು ಫ್ಯಾಕ್ಸ್ ಪ್ಲಸ್‌ನಂಥ ಸೇವೆಗೆ ತಿಂಗಳ ಚಂದಾ ಕಟ್ಟಿ ನಂಬರ್ ಪಡೆಯಬೇಕು. ಬಂದದ್ದು ಪಿಡಿಎಫ್ ಆಗಿ ಈಮೇಲ್‌ಗೆ ಬರುತ್ತದೆ.

ಈ ಖರ್ಚು ಎಲ್ಲಿ ಸಾರ್ಥಕವೆಂದರೆ ಕಂಪನಿಯ ತೆರಿಗೆ ನಂಬರಾದ ಇಐಎನ್ ಪಡೆಯುವಾಗ. ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದೆ ಭಾರತದಿಂದ ಅರ್ಜಿ ಹಾಕುವವರು ಐಆರ್‌ಎಸ್‌ನ ಆನ್‌ಲೈನ್ ಅರ್ಜಿ ಬಳಸಲಾಗದು. ಬದಲಿಗೆ ಇಐಎನ್ ಅರ್ಜಿಯಾದ ಎಸ್‌ಎಸ್-4 ಫಾರ್ಮನ್ನು ಫ್ಯಾಕ್ಸ್ ಮಾಡಬಹುದು. ಅದು ಒಂದೇ ಪುಟ, ಪುಕ್ಕಟೆ ಮಿತಿಯೊಳಗೇ ಹೋಗುತ್ತದೆ. 7ಬಿ ಸಾಲಿನಲ್ಲಿ ‘ಫಾರಿನ್’ ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಕಳಿಸಬೇಕಾದ ನಂಬರನ್ನು ಐಆರ್‌ಎಸ್ ತಾಣದಿಂದಲೇ ತೆಗೆದುಕೊಳ್ಳಿ. ಅಮೆರಿಕದ ಒಳಗಿನವರಿಗೂ ಹೊರಗಿನವರಿಗೂ ನಂಬರ್ ಬೇರೆ. ಸಹಿಯ ಪಕ್ಕದಲ್ಲಿ ನಿಮ್ಮ ಫ್ಯಾಕ್ಸ್ ನಂಬರ್ ಕೇಳುವ ಮನೆಯನ್ನು ಖಾಲಿ ಬಿಡಬೇಡಿ. ಅದಿದ್ದರೆ ಸುಮಾರು 4 ಕೆಲಸದ ದಿನಗಳಲ್ಲಿ ಉತ್ತರ ಎನ್ನುತ್ತದೆ ಐಆರ್‌ಎಸ್. ಆದರೆ ವಾರಗಳೇ ಹಿಡಿದರೂ ಅಚ್ಚರಿಯಿಲ್ಲ. ಹಾಗಾಗಿ ಕೆಲವೇ ದಿನ ಬಾಳುವ ಪುಕ್ಕಟೆ ನಂಬರ್ ಇದಕ್ಕೆ ಸಲ್ಲದು. ಎರಡು ತಿಂಗಳ ಚಂದಾ ಕಟ್ಟಿ, ಪತ್ರ ಕೈಸೇರುವ ತನಕ ರದ್ದು ಮಾಡಬೇಡಿ. ಬಿಟ್ಟುಕೊಟ್ಟ ನಂಬರ್ ಮುಂದೆ ಇನ್ನೊಬ್ಬ ಗ್ರಾಹಕರಿಗೆ ಹೋಗಬಹುದು, ತಡವಾಗಿ ಬಂದ ನಿಮ್ಮ ಕಾಗದವೂ ಅವರ ಈಮೇಲ್‌ಗೇ ಹೋಗುತ್ತದೆ. ಕೆಲಸ ಮುಗಿದ ಮೇಲೆ ಚಂದಾ ನಿಲ್ಲಿಸಲು ಮಾತ್ರ ಮರೆಯಬೇಡಿ, ಇಲ್ಲದಿದ್ದರೆ ಕಾರ್ಡಿನಿಂದ ಪ್ರತಿ ತಿಂಗಳೂ ಹಣ ಕಡಿತವಾಗುತ್ತಲೇ ಇರುತ್ತದೆ.