ಸ್ಲೀವ್ ಸರ್ಜರಿ ಆದ ಮೇಲೆ ನಾನು ನಿದ್ದೆ ಸರಿ ಮಾಡಿಕೊಂಡ ಬಗೆ

ತೂಕ ಇಳಿಸಲು ಮಾಡುವ ಸ್ಲೀವ್ ಸರ್ಜರಿಯಲ್ಲಿ ಜಠರದ ಮುಕ್ಕಾಲು ಭಾಗದಷ್ಟು ತೆಗೆಯುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಬಹುಪಾಲು ಅಲ್ಲೇ ತಯಾರಾಗುವುದರಿಂದ ಮೊದಮೊದಲು ಹಸಿವೇ ಆಗುವುದಿಲ್ಲ. ತೂಕ ತಾನಾಗಿ ಇಳಿಯುತ್ತದೆ. ಎರಡನೇ ವರ್ಷದ ಹೊತ್ತಿಗೆ ನನ್ನ ತೂಕ ನಿಂತಲ್ಲೇ ನಿಂತಿತು, ಆಮೇಲೆ ಮೆಲ್ಲಗೆ ಏರತೊಡಗಿತು. ಊಟದ ಅಳತೆ ಮಾತ್ರ ಮೊದಲಿನಷ್ಟೇ ಇತ್ತು.

ತಿಂದದ್ದರ ಜೊತೆಗೆ ತಿಂದ ಗಂಟೆಯನ್ನೂ ಬರೆದಿಡಿ ಅಂದರು ಡಯಟೀಷಿಯನ್. ಬರೆದಾಗ ಗೊತ್ತಾಯಿತು. ಹಗಲಿನ ಲೆಕ್ಕ ಸರಿಯಾಗಿಯೇ ಇತ್ತು. ರಾತ್ರಿ ಹತ್ತರ ಮೇಲೆ ಟೀವಿ ಮುಂದೆ ಚಕ್ಕುಲಿ, ಖಾರ ಮಿಕ್ಸ್ಚರ್, ಬಿಸ್ಕತ್ತು. ಸ್ಲೀವ್ ಆದವರು ಇದನ್ನು ಚೆನ್ನಾಗಿ ತಿಳಿದಿರಬೇಕು. ಮೊಟ್ಟೆ, ಪನೀರ್, ಕಾಳು ನಾಲ್ಕು ತುತ್ತಿಗೇ ಸಾಕೆನಿಸುತ್ತವೆ. ಕುರುಕಲು, ಐಸ್‌ಕ್ರೀಮ್ ಹಾಗಲ್ಲ. ಸಲೀಸಾಗಿ ಜಾರಿ ಹೋಗುತ್ತವೆ, ಹೊಟ್ಟೆ ತುಂಬಿದ ಸುಳಿವೇ ಸಿಗುವುದಿಲ್ಲ. ಎಚ್ಚರ ಇದ್ದಷ್ಟು ಹೊತ್ತೂ ಕೈ ಡಬ್ಬಿಗೆ ಹೋಗುತ್ತಿರುತ್ತದೆ.

ಇದು ಬರೀ ಬಾಯಿಚಪಲ ಅಲ್ಲ, ನಿದ್ದೆಗೂ ಹಸಿವಿಗೂ ನಂಟಿದೆ. 2004ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದವರು 12 ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ನಾಲ್ಕು ಗಂಟೆಯಷ್ಟೇ ಮಲಗಲು ಬಿಟ್ಟರು. ಹತ್ತು ಗಂಟೆ ಮಲಗಿದಾಗಿನದಕ್ಕಿಂತ ಗ್ರೆಲಿನ್ ಶೇ 28ರಷ್ಟು ಏರಿತ್ತು. ಹೊಟ್ಟೆ ತುಂಬಿತು ಅನ್ನಿಸುವಂತೆ ಮಾಡುವ ಲೆಪ್ಟಿನ್ ಹಾರ್ಮೋನು ಶೇ 18ರಷ್ಟು ಇಳಿದಿತ್ತು. ಅವರಿಗೆ ಸರ್ಜರಿ ಆಗಿರಲಿಲ್ಲ, ನಿಜ. ಆದರೂ ನಿದ್ದೆಗೆಟ್ಟ ಮರುದಿನ ನನಗೂ ಸಿಹಿ, ಕರಿದ ತಿಂಡಿಗಳ ಮೇಲೇ ಮನಸ್ಸು ಓಡುತ್ತದೆ.

ನಾನು ಮೊದಲು ಏಳುವ ಹೊತ್ತನ್ನು ಗೊತ್ತು ಮಾಡಿಕೊಂಡೆ. ಭಾನುವಾರವೂ ಐದೂವರೆಗೇ ಏಳುತ್ತೇನೆ. ಹಾಗಾಗಿ ಹತ್ತರ ಒಳಗೆ ಕಣ್ಣು ತಾನಾಗಿ ಎಳೆಯುತ್ತದೆ. ಕೊನೆಯ ಕಾಫಿ ಮಧ್ಯಾಹ್ನ ಮೂರಕ್ಕೆ. ರಾತ್ರಿ ಊಟ ಏಳಕ್ಕೆ. ನಮ್ಮ ಮನೆಯಲ್ಲಿ ಎಲ್ಲರೂ ಉಣ್ಣುವುದು ಒಂಬತ್ತೂವರೆಗೆ. "ಒಬ್ಬಳೇ ಉಣ್ಣೋದು ಏನು ಚೆನ್ನ ಕಣಮ್ಮಾ?" ಅಂತ ಅತ್ತೆ ಬೇಜಾರು ಮಾಡಿಕೊಂಡರು. ಈಗ ಅವರು ಉಣ್ಣುವಾಗ ಬಡಿಸಿ, ಜೊತೆಗೆ ಕೂತು ಮಾತಾಡುತ್ತೇನೆ. ಮಿಕ್ಸ್ಚರ್ ಡಬ್ಬಿ ಅತ್ತೆಯ ಕೋಣೆಗೆ ಹೋಯಿತು.

ಬೇಗ ಉಣ್ಣುವುದರಿಂದ ಎದೆ ಉರಿಯೂ ತಗ್ಗಿತು. ಸ್ಲೀವ್ ಆದವರಲ್ಲಿ ಎದೆ ಉರಿ ಸಾಮಾನ್ಯ. ಹುಳಿ ತೇಗು ಬಂದು ನಡುರಾತ್ರಿ ಎಚ್ಚರವಾಗುತ್ತದೆ. ದಿಂಬಿನ ಮೇಲೆ ದಿಂಬು ಹಾಕಿದರೆ ಹೊಟ್ಟೆ ಮಡಚಿಕೊಳ್ಳುತ್ತದೆ, ಉಪಯೋಗವಿಲ್ಲ. ಮಂಚದ ತಲೆಕಡೆಯ ಕಾಲುಗಳಿಗೆ ಮರದ ತುಂಡು ಕೊಟ್ಟು ಎತ್ತರಿಸಿದೆವು. ಎಡಕ್ಕೆ ತಿರುಗಿ ಮಲಗುತ್ತೇನೆ.

ಏರಿದ ತೂಕ ನಿಧಾನಕ್ಕೆ ಇಳಿಯಿತು.

ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಆಗಾಗ ಉಸಿರು ಕಟ್ಟುವ ತೊಂದರೆ ಇದ್ದವರಿಗೆ ಒಂದು ಮಾತು. ಸರ್ಜರಿ ನಂತರ ಗೊರಕೆ ನಿಂತಿತು ಅಂತ ಮಲಗಿದಾಗ ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಯಂತ್ರವನ್ನು ಸುಮ್ನೆ ಎತ್ತಿಡಬೇಡಿ. ಮುಖ ಸಣ್ಣಗಾಗಿ ನನ್ನ ಮಾಸ್ಕ್ ಸಡಿಲವಾಗಿತ್ತು, ಗಾಳಿ ಸೋರುತ್ತಿತ್ತು. ಡಾಕ್ಟರು ಮತ್ತೆ ನಿದ್ದೆ ಪರೀಕ್ಷೆ ಮಾಡಿಸಿ ಗಾಳಿಯ ಒತ್ತಡ ಇಳಿಸಿದರು, ಚಿಕ್ಕ ಮಾಸ್ಕ್ ಬರೆದುಕೊಟ್ಟರು. ಮುಂದಿನ ಪರೀಕ್ಷೆವರೆಗೆ ಅದನ್ನು ಹಾಕಿಕೊಂಡೇ ಮಲಗಬೇಕು.