ಹಳೆ ಹಾರ್ಡ್ ಡಿಸ್ಕ್ ಹೊಸ ಕಂಪ್ಯೂಟರಿಗೆ: ಸ್ಕ್ರೂ ಬಿಚ್ಚುವ ಮುನ್ನವೇ ಮುಖ್ಯ ಕೆಲಸ

ಡೆಸ್ಕ್‌ಟಾಪಿನ ಹಾರ್ಡ್ ಡಿಸ್ಕ್ ಬಿಚ್ಚಿ ಇನ್ನೊಂದಕ್ಕೆ ಜೋಡಿಸಲು ಒಂದು ಸ್ಟಾರ್ ಸ್ಕ್ರೂಡ್ರೈವರ್, ಡಿಸ್ಕನ್ನು ಮದರ್‌ಬೋರ್ಡಿಗೆ ಸೇರಿಸುವ ಒಂದು ಸಾಟಾ ಡೇಟಾ ಕೇಬಲ್, ಅರ್ಧ ಗಂಟೆ ಬಿಡುವು ಸಾಕು. ಫೈಲ್‌ಗಳು ಕೈತಪ್ಪುವುದು ಬಹುತೇಕ ಬೇರೆ ಕಾರಣಕ್ಕೆ: ಹಳೆ ಯಂತ್ರ ಇನ್ನೂ ಚಾಲೂ ಇದ್ದಾಗಲೇ ಮಾಡಬೇಕಿದ್ದ ಕೆಲಸ ಮಾಡದೆ ಬಿಚ್ಚಿದ್ದಕ್ಕೆ.

ಹಳೆ ಡಿಸ್ಕಿನಲ್ಲಿರುವ ವಿಂಡೋಸನ್ನೇ ಹೊಸ ಮದರ್‌ಬೋರ್ಡಿನಲ್ಲಿ ಓಡಿಸುವ ಆಸೆ ಬೇಡ. ಕೆಲವೊಮ್ಮೆ ಓಡುತ್ತದೆ, ಆದರೆ ನೆಚ್ಚಿಕೊಳ್ಳುವಂತಿಲ್ಲ. ಹಳೆಯದು ಲೆಗಸಿ ಬಯಾಸ್‌ನಲ್ಲಿ (ಯಂತ್ರವನ್ನು ಚಾಲೂ ಮಾಡುವ ಹಳೆ ವ್ಯವಸ್ಥೆ) ಎಂಬಿಆರ್ ಎಂಬ ಹಳೆ ಬಗೆಯ ಪಾರ್ಟಿಶನ್ ಮೇಲೆ ಇನ್‌ಸ್ಟಾಲ್ ಆಗಿದ್ದರೆ, ಅದರ ಬದಲಿಗೆ ಬಂದ ಯುಇಎಫ್‌ಐ ಮಾತ್ರ ಬಲ್ಲ ಹೊಸ ಬೋರ್ಡ್ ಅದನ್ನು ಬೂಟ್ ಮಾಡುವುದಿಲ್ಲ. ಬೋರ್ಡ್ ಡಿಸ್ಕಿನೊಡನೆ ವ್ಯವಹರಿಸುವ ವಿಧಾನ, ಅಂದರೆ ಸಾಟಾ ಮೋಡ್, ಬದಲಾದರೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಬರಬಹುದು. ಪಿಸಿ ಜೊತೆಗೇ ಬಂದ ಒಇಎಂ ಲೈಸೆನ್ಸ್ ಹೇಗೂ ಹಳೆ ಮದರ್‌ಬೋರ್ಡಿನದೇ. ಹೊಸ ಯಂತ್ರಕ್ಕೆ ಹೊಸದಾಗಿ ವಿಂಡೋಸ್ ಹಾಕಿ, ಹಳೆಯದನ್ನು ಎರಡನೇ ಡಿಸ್ಕಾಗಿ ಮಾತ್ರ ಜೋಡಿಸಿ.

ಹಳೆ ಯಂತ್ರ ಚಾಲೂ ಇರುವಾಗ

ಮೊದಲು ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಎನ್‌ಕ್ರಿಪ್ಶನ್. ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆದ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಬಳಕೆದಾರರಿಗೆ ಗೊತ್ತಾಗದಂತೆಯೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತದೆ. ಅದನ್ನು ತಾನಾಗಿ ತೆರೆಯುವ ಕೀಲಿ ಹಳೆ ಯಂತ್ರದ ಟಿಪಿಎಂ ಎಂಬ ಭದ್ರತಾ ಚಿಪ್‌ನಲ್ಲಿ ಇರುವುದರಿಂದ, ಡಿಸ್ಕ್ ಬೇರೆ ಯಂತ್ರಕ್ಕೆ ಹೋದೊಡನೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಯಾವ ರಿಪೇರಿ ಅಂಗಡಿಯೂ ಅದನ್ನು ತೆರೆಯಲಾರದು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಡಿವೈಸ್ ಎನ್‌ಕ್ರಿಪ್ಶನ್‌ಗೆ ಹೋಗಿ ಆಫ್ ಮಾಡಿ. ಪ್ರೊ ಆವೃತ್ತಿಯಾದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬಿಟ್‌ಲಾಕರ್ ಎಂಬ ವಿಭಾಗವೇ ಇದೆ. ಡಿಕ್ರಿಪ್ಶನ್ ಮುಗಿಯಲು ಗಂಟೆಗಳೇ ಹಿಡಿಯಬಹುದು, ಅರ್ಧಕ್ಕೆ ಬಿಡಬೇಡಿ. ಕೀಯನ್ನು ಕಾಗದದ ಮೇಲೂ ಬರೆದಿಡಿ.

ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶದಲ್ಲಿ ಡಿಸ್ಕಿನ ಆರೋಗ್ಯ ನೋಡಿ. ಡಿಸ್ಕಿನ ಕೆಟ್ಟ ಜಾಗಗಳನ್ನು ಹೇಳುವ ‘ರೀಅಲೊಕೇಟೆಡ್ ಸೆಕ್ಟರ್ಸ್’ ಅಥವಾ ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಸಾಲಿನ ‘ರಾ ವ್ಯಾಲ್ಯೂಸ್’ ಸೊನ್ನೆಗಿಂತ ಹೆಚ್ಚಿದ್ದರೆ, ಬಿಚ್ಚುವ ಮೊದಲೇ ಮುಖ್ಯ ಫೈಲ್‌ಗಳನ್ನು ಬೇರೆಡೆಗೆ ನಕಲಿಸಿ. ಒಳಗಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಯಂತ್ರ ಆರಿಸಿ ಡೇಟಾ ರಿಕವರಿಯವರ ಬಳಿ ಒಯ್ಯಿರಿ. ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ಹಾನಿ ಹೆಚ್ಚು.

ಬರಿದೇ ಫೋಲ್ಡರ್ ನಕಲಿಸಿದರೆ ಬಾರದವೂ ಕೆಲವಿವೆ. ಕ್ರೋಮ್ ಉಳಿಸಿಟ್ಟ ಪಾಸ್‌ವರ್ಡ್‌ಗಳು ಹಳೆ ವಿಂಡೋಸ್ ಖಾತೆಗೆ ಬೆಸೆದುಕೊಂಡಿರುತ್ತವೆ, ಆದ್ದರಿಂದ ಮೊದಲೇ ಗೂಗಲ್ ಖಾತೆಗೆ ಸಿಂಕ್ ಮಾಡಿ. ಟ್ಯಾಲಿ ಬಳಸುವ ಅಂಗಡಿಯವರು ಹಳೆ ಯಂತ್ರದಲ್ಲಿ ಲೈಸೆನ್ಸ್ ಸರೆಂಡರ್ ಮಾಡಿಯೇ ಮುಂದುವರಿಯಬೇಕು. ನುಡಿ, ಬರಹದ ಹಳೆ ಆಸ್ಕಿ ಫಾಂಟ್‌ಗಳಲ್ಲಿ ಟೈಪಾದ ಕರಪತ್ರ, ಲಗ್ನಪತ್ರಿಕೆ, ಕಚೇರಿ ಪತ್ರಗಳಿದ್ದರೆ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನೊಳಗಿನ ಫಾಂಟ್ಸ್‌ನಿಂದ ಆ ಫಾಂಟ್‌ಗಳನ್ನೂ ತೆಗೆದಿಡಿ. ಅವಿಲ್ಲದೆ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಕಾಣುತ್ತದೆ. ಫೈಲ್ ಕೆಟ್ಟಿತೆಂದು ಅಳಿಸಿಬಿಟ್ಟವರಿದ್ದಾರೆ. ಫಾಂಟ್ ಹಾಕಿದರೆ ಎಲ್ಲವೂ ಸರಿಯಾಗುತ್ತದೆ.

ಕೊನೆಗೆ ಶಿಫ್ಟ್ ಕೀ ಒತ್ತಿಕೊಂಡೇ ಶಟ್‌ಡೌನ್ ಕ್ಲಿಕ್ ಮಾಡಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದಾಗ ಮಾಮೂಲಿ ಶಟ್‌ಡೌನ್ ಎಂದರೆ ಅರೆನಿದ್ದೆ ಮಾತ್ರ, ಪಾರ್ಟಿಶನ್ ಪೂರ್ತಿ ಮುಚ್ಚಿರುವುದಿಲ್ಲ.

ಬಿಚ್ಚಿ ಜೋಡಿಸುವಾಗ

ಪ್ಲಗ್ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿ ಉಳಿದ ವಿದ್ಯುತ್ ಹೋಗಲಾಡಿಸಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಮುಟ್ಟಿದ ಮೇಲೆ ಡಿಸ್ಕಿನ ಅಂಚು ಹಿಡಿದು ಎತ್ತಿ. ಕೆಳಗಿನ ಹಸಿರು ಬೋರ್ಡಿಗೆ ಬೆರಳು ತಾಗಿಸಬೇಡಿ. ಸಾಟಾ ಡೇಟಾ ಕೇಬಲ್‌ಗೆ 7 ಪಿನ್, ಪವರ್‌ಗೆ 15. ಕೇಬಲ್ ನೇರ ಎಳೆಯಿರಿ, ಅಲ್ಲಾಡಿಸಿದರೆ ಡಿಸ್ಕಿನ ಪ್ಲಾಸ್ಟಿಕ್ ನಾಲಿಗೆ ಮುರಿಯುತ್ತದೆ. 3.5 ಇಂಚಿನ ಡಿಸ್ಕಿಗೆ ದಪ್ಪ ಥ್ರೆಡ್ಡಿನ ಸ್ಕ್ರೂ, 2.5 ಇಂಚಿನದಕ್ಕೆ ಸಣ್ಣ ಥ್ರೆಡ್ಡಿನ ಎಂ3 ಸ್ಕ್ರೂ. ಅದಲುಬದಲಾದರೆ ಥ್ರೆಡ್ ಸವೆದುಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಮಾಡ್ಯುಲರ್ ಎಸ್‌ಎಂಪಿಎಸ್ (ಕೇಬಲ್‌ಗಳನ್ನು ಕಳಚಬಹುದಾದ ವಿದ್ಯುತ್ ಪೂರೈಕೆ ಪೆಟ್ಟಿಗೆ) ಕೇಬಲ್. ಹಳೆ ಎಸ್‌ಎಂಪಿಎಸ್‌ನ ಪವರ್ ಕೇಬಲ್ ಹೊಸದಕ್ಕೆ ಸಲೀಸಾಗಿ ಕೂರಬಹುದು, ಆದರೆ ಎಸ್‌ಎಂಪಿಎಸ್ ಬದಿಯ ಪಿನ್ ಜೋಡಣೆಗೆ ಏಕರೂಪದ ಮಾನದಂಡವಿಲ್ಲ. 5 ವೋಲ್ಟ್ ತಂತಿಯಲ್ಲಿ 12 ವೋಲ್ಟ್ ಹರಿದರೆ ಡಿಸ್ಕ್ ಆ ಕ್ಷಣದಲ್ಲೇ ಸುಡುತ್ತದೆ. ಹೊಸ ಎಸ್‌ಎಂಪಿಎಸ್ ಜೊತೆ ಬಂದ ಕೇಬಲನ್ನೇ ಬಳಸಿ.

ಹೊಸ ವಿಂಡೋಸ್ ಹಾಕಿ ಮುಗಿಯುವವರೆಗೆ ಹಳೆ ಡಿಸ್ಕ್ ಜೋಡಿಸಬೇಡಿ. ಜೋಡಿಸಿದ್ದರೆ ಬೂಟ್ ಫೈಲ್‌ಗಳು ಹಳೆ ಡಿಸ್ಕಿನಲ್ಲಿ ಕೂರಬಹುದು. ಮುಂದೆ ಅದನ್ನು ತೆಗೆದ ದಿನ ಹೊಸ ಯಂತ್ರ ಏಳುವುದಿಲ್ಲ.

ಲ್ಯಾಪ್‌ಟಾಪಿಗಾದರೆ ಸಾಟಾ–ಯುಎಸ್‌ಬಿ ಅಡಾಪ್ಟರ್ ಕೊಳ್ಳಿ. 2.5 ಇಂಚಿನ ಡಿಸ್ಕ್ ಯುಎಸ್‌ಬಿ ವಿದ್ಯುತ್ತಿನಲ್ಲೇ ನಡೆಯುತ್ತದೆ, 3.5 ಇಂಚಿನದಕ್ಕೆ ಪ್ರತ್ಯೇಕ 12 ವೋಲ್ಟ್ ಬೇಕು. ಸೆಕೆಂಡಿಗೆ 100 ಎಂಬಿ ವೇಗದ ಯುಎಸ್‌ಬಿ 3ರಲ್ಲಿ 500 ಜಿಬಿ ನಕಲಿಗೆ ಸುಮಾರು ಒಂದೂವರೆ ಗಂಟೆ, ಯುಎಸ್‌ಬಿ 2ರಲ್ಲಿ ನಾಲ್ಕೂವರೆಗೂ ಮೇಲೆ.

ಆನ್ ಮಾಡಿದ ಮೇಲೆ

ಬಯಾಸ್‌ಗೆ ಹೋಗಿ ಬೂಟ್ ಸಾಲಿನಲ್ಲಿ ಹೊಸ ಡಿಸ್ಕ್ ಮೊದಲಿದೆಯೇ ನೋಡಿ. ಹಳೆಯದು ಅಲ್ಲೂ ಕಾಣದಿದ್ದರೆ ಬೇರೆ ಸಾಟಾ ಪೋರ್ಟಿಗೆ ಹಾಕಿ: ಕೆಲವು ಬೋರ್ಡ್‌ಗಳಲ್ಲಿ ಎಂ.2 ಎಸ್‌ಎಸ್‌ಡಿ (ಬೋರ್ಡಿನ ಮೇಲೇ ಕೂರುವ ಪಟ್ಟಿಯಾಕಾರದ ಡಿಸ್ಕ್) ಕೂರಿಸಿದೊಡನೆ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುತ್ತವೆ. ವಿಂಡೋಸ್‌ನಲ್ಲಿ ಕಾಣದಿದ್ದರೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಡ್ರೈವ್ ಅಕ್ಷರ ಇಲ್ಲದಿದ್ದರೆ ಕೊಡಿ, ‘ಆಫ್‌ಲೈನ್’ ಎಂದಿದ್ದರೆ ಆನ್‌ಲೈನ್ ಮಾಡಿ. ‘ಇನಿಶಿಯಲೈಸ್’ ಅಥವಾ ‘ಫಾರ್ಮ್ಯಾಟ್’ ಮಾಡಬೇಕೆಂದು ಕೇಳಿದರೆ ಮಾತ್ರ ಕ್ಯಾನ್ಸಲ್ ಒತ್ತಿ ಕೇಬಲ್ ಪರೀಕ್ಷಿಸಿ. ಡೇಟಾ ತುಂಬಿದ ಡಿಸ್ಕಿಗೆ ಅವೆರಡೂ ಬೇಡ.

ಹಳೆ ಯೂಸರ್ಸ್ ಫೋಲ್ಡರ್ ತೆರೆಯುವಾಗ ಅನುಮತಿ ಇಲ್ಲವೆಂದು ತಡೆದರೆ ‘ಕಂಟಿನ್ಯೂ’ ಒತ್ತಿ ಕಾಯಿರಿ. ಫೈಲ್‌ಗಳು ಹೆಚ್ಚಿದ್ದಷ್ಟೂ ಹೆಚ್ಚು ಹೊತ್ತು ಹಿಡಿಯುತ್ತದೆ. ನಕಲಾದ ಮೇಲೆ ಫೋಟೊ ತೆರೆದು ನೋಡಿ, ಟ್ಯಾಲಿಯಲ್ಲಿ ಕೊನೆಯ ವೋಚರ್ ಇದೆಯೇ ನೋಡಿ. ಎಲ್ಲ ಸರಿಯಿದ್ದರೂ ಇನ್ನೊಂದು ಪ್ರತಿಯನ್ನು ಎಕ್ಸ್‌ಟರ್ನಲ್ ಡ್ರೈವ್‌ಗೆ ಹಾಕುವ ತನಕ ಹಳೆ ಪಾರ್ಟಿಶನ್‌ಗಳನ್ನು ಅಳಿಸಬೇಡಿ.