ಮೇಲ್ ಹೋಯ್ತು, ಬಿಲ್ ಬರಲಿಲ್ಲ: ಆಫೀಸಿನಲ್ಲಿ ನನ್ನ ಎರಡು ತಿಂಗಳು

ಬಿ.ಕಾಂ ಕೊನೆಯ ಸೆಮಿಸ್ಟರ್‌ಗೆ ಇಂಟರ್ನ್‌ಶಿಪ್ ಮಾಡಲೇಬೇಕು ಅಂದಾಗ ಬೆಂಗಳೂರಿಗೆ ಹೋಗಬೇಕು ಅಂತ ಆಸೆಪಟ್ಟಿದ್ದೆ. ಸಿಕ್ಕಿದ್ದು ಕಲಬುರಗಿಯ ಜೇವರ್ಗಿ ರಸ್ತೆ. ತೊಗರಿ ಬೇಳೆ ಪ್ಯಾಕ್ ಮಾಡಿ ಮಾರುವ ಕಂಪನಿಯೊಂದರ ಆಫೀಸು, ಅಕೌಂಟ್ಸ್ ವಿಭಾಗ. 2025ರ ಏಪ್ರಿಲ್, ಮೇ ಎರಡು ತಿಂಗಳು.

ಆಳಂದದಿಂದ ದಿನಾ ಬಸ್ಸು. ಸ್ಟೈಪೆಂಡ್ ಇರಲಿಲ್ಲ. ಶಕ್ತಿ ಯೋಜನೆ ಇಲ್ಲದಿದ್ದರೆ ಅಪ್ಪ ಕಳಿಸುತ್ತಿದ್ದರೋ ಇಲ್ಲವೋ. ಬೇಸಿಗೆಯಲ್ಲಿ ನಮ್ಮ ಕಡೆ ಸರ್ಕಾರಿ ಆಫೀಸು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಗಿಯುತ್ತದೆ. ನಮ್ಮದು 9:30ರಿಂದ ಸಂಜೆ 6. ಹೊರಗೆ ಕಣ್ಣು ಬಿಡಲಾಗದ ಬಿಸಿಲು, ಒಳಗೆ ಎಸಿ. ಎರಡನೇ ದಿನದಿಂದ ಬ್ಯಾಗಿನಲ್ಲಿ ಊಟದ ಡಬ್ಬಿ ಜೊತೆ ಶಾಲೂ ಬಂತು.

ಮೊದಲ ಆರು ವಾರ ಹೇಳಿಕೊಳ್ಳುವಂಥದ್ದೇನಿಲ್ಲ. ಬಿಲ್ ಸ್ಕ್ಯಾನ್ ಮಾಡು, ಫೈಲಿಗೆ ಹಾಕು, ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ವೋಚರ್ ಹೊಡಿ. ಮ್ಯಾನೇಜರ್ ತಮ್ಮನ್ನು ಹೆಸರು ಹಿಡಿದು ಕರಿ ಅಂದರು, ಇಲ್ಲಿ ಹಾಗೇ ಅಂತೆ. ನನ್ನ ಬಾಯಲ್ಲಿ ಕೊನೆವರೆಗೂ 'ಸರ್' ಬಿಟ್ಟು ಬೇರೆ ಬರಲಿಲ್ಲ.

ನಿಜವಾದ ಕೆಲಸ ಸಿಕ್ಕಿದ್ದು ಮೇ 14ಕ್ಕೆ. ಅವತ್ತು ಏಪ್ರಿಲ್ ತಿಂಗಳ ಜಿಎಸ್‌ಟಿಆರ್-2ಬಿ ಬಂದಿತ್ತು, ಅಂದರೆ ನಮಗೆ ಮಾರಿದವರು ಸರ್ಕಾರಕ್ಕೆ ತೋರಿಸಿದ ಬಿಲ್‌ಗಳ ಪಟ್ಟಿ. ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಬಿಡಿ ತೊಗರಿಗೆ ಜಿಎಸ್‌ಟಿ ಇಲ್ಲ. ಆದರೆ 2022ರ ಜುಲೈ 18ರಿಂದ, 25 ಕೆಜಿವರೆಗಿನ ಲೇಬಲ್ ಹಚ್ಚಿದ ಬೇಳೆ ಪ್ಯಾಕೆಟ್‌ಗೆ 5% ಇದೆ. ಆ ಟ್ಯಾಕ್ಸ್ ಕಟ್ಟುವಾಗ, ಪ್ಲಾಸ್ಟಿಕ್ ಕವರ್, ಚೀಲ, ಮಷಿನ್ ಭಾಗ ಕೊಳ್ಳುವಾಗ ನಾವು ಕೊಟ್ಟ ಟ್ಯಾಕ್ಸನ್ನು ಅದರಲ್ಲಿ ಕಳೆಯಬಹುದು. ಷರತ್ತು ಏನೆಂದರೆ, ಮಾರಿದ ಪಾರ್ಟಿ ಆ ಬಿಲ್ಲನ್ನು ತನ್ನ ರಿಟರ್ನ್‌ನಲ್ಲಿ (ಸರ್ಕಾರಕ್ಕೆ ಕೊಡುವ ಲೆಕ್ಕದಲ್ಲಿ) ತೋರಿಸಿ ಅದು ನಮ್ಮ 2ಬಿಯಲ್ಲಿ ಬಂದಿರಬೇಕು. ಬಂದಿಲ್ಲ ಅಂದರೆ ಆ ತಿಂಗಳು ಅಷ್ಟೂ ದುಡ್ಡು ಕೈಯಿಂದ. ನಮ್ಮ ರಿಟರ್ನ್‌ಗೆ ಕೊನೆ ದಿನ ಮೇ 20. ಅಂದರೆ ಆರೇ ದಿನ.

ನಮ್ಮ ಟ್ಯಾಲಿಯ ಖರೀದಿ ಪಟ್ಟಿ, 2ಬಿ ಪಟ್ಟಿ ಎರಡನ್ನೂ ಎಕ್ಸೆಲ್‌ಗೆ ಹಾಕಿದೆ. ಒಂದರಲ್ಲಿದ್ದದ್ದು ಇನ್ನೊಂದರಲ್ಲಿ ಇದೆಯಾ ಅಂತ ಹುಡುಕುವ ವಿ-ಲುಕ್‌ಅಪ್ ಸೂತ್ರವನ್ನು ಬಿಲ್ ನಂಬರ್ ಮೇಲೆ ಎಳೆದೆ. ಅರ್ಧಕ್ಕರ್ಧ ಬಿಲ್ ಸಿಗಲೇ ಇಲ್ಲ! ದೊಡ್ಡ ಕಳ್ಳತನ ಹಿಡಿದವಳ ಹಾಗೆ ಖುಷಿಯಾಯಿತು. ಯಾರನ್ನೂ ಕೇಳದೆ, ಆ ಎಲ್ಲ ಪಾರ್ಟಿಗಳಿಗೂ 'ನೀವು ರಿಟರ್ನ್ ಹಾಕಿಲ್ಲ, ಕೂಡಲೇ ಹಾಕಿ' ಅಂತ ಇಂಗ್ಲಿಷ್‌ನಲ್ಲಿ ಮೇಲ್ ಕಳಿಸಿಬಿಟ್ಟೆ.

ಮರುದಿನ ಮ್ಯಾನೇಜರ್ ಫೋನ್ ಬಿಡುವಿಲ್ಲದೆ ಬಡಿದುಕೊಂಡಿತು. ಹಾಕಿದವರಿಗೇ ಹಾಕಿಲ್ಲ ಅಂದಿದ್ದೆ. ಪಾರ್ಟಿ ಬಿಲ್ ಮೇಲೆ ಇಂಗ್ಲಿಷ್ ಅಕ್ಷರ, ಅಡ್ಡಗೆರೆ, '25-26' ಎಲ್ಲ ಸೇರಿಸಿ ನಂಬರ್ ಇತ್ತು. ನಮ್ಮ ಟ್ಯಾಲಿಯಲ್ಲಿ ಬರೀ '45' ಅಂತ ಹೊಡೆದಿದ್ದೆವು. ಹೊಡೆದದ್ದು ಯಾರು? ಜಾಸ್ತಿ ನಾನೇ.

ಮ್ಯಾನೇಜರ್ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. "ಬಿಲ್ ನಂಬರ್ ಬಿಡು, ಬೇರೆ ಯಾವುದರಿಂದ ಹಿಡೀತೀಯಾ ನೋಡು" ಅಂದರು ಅಷ್ಟೇ.

ರಾತ್ರಿ ಮನೆಯಲ್ಲಿ ಹೇಳಿದೆ. ಅಪ್ಪ ಗಂಜ್ ಅಂದರೆ ಧಾನ್ಯದ ಮಾರುಕಟ್ಟೆಯ ಅಡತಿ (ದಲ್ಲಾಳಿ) ಅಂಗಡಿಯಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದವರು. "ತಾಳೆ ನೋಡೂದು ಅಂದ್ರ ಮೊದಲ ಹೆಸರು, ಆಮ್ಯಾಲ ರೊಕ್ಕ, ಆಮ್ಯಾಲ ತಾರೀಖು. ನಂಬರ್ ಯಾವನ್ ನೋಡ್ತಾನ?" ಅಂದರು. ಹಾಗೇ ಮಾಡಿದೆ. ಪಾರ್ಟಿಯ ಜಿಎಸ್‌ಟಿ ನಂಬರ್ ಮತ್ತು ಟ್ಯಾಕ್ಸ್ ಹಾಕುವ ಮೊದಲಿನ ಮೊತ್ತ ಎರಡನ್ನೂ ಜೋಡಿಸಿ ಒಂದೇ ಕಾಲಂ ಮಾಡಿದೆ. ಪೈಸೆ ವ್ಯತ್ಯಾಸ ಬರದಂತೆ ರೂಪಾಯಿಗೆ ಸರಿಮಾಡಿದೆ. ಒಂದೇ ಮೊತ್ತದ ಎರಡು ಬಿಲ್ ಇದ್ದ ಕಡೆ ತಾರೀಖು ನೋಡಿದೆ. ಕೊನೆಗೆ ಉಳಿದದ್ದು 11 ಬಿಲ್.

ಅದರಲ್ಲಿ ನಾಲ್ಕು ಸಣ್ಣ ಪಾರ್ಟಿಗಳದು. ವರ್ಷಕ್ಕೆ 5 ಕೋಟಿವರೆಗೆ ವ್ಯವಹಾರ ಇರುವವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕಬಹುದು. ಏಪ್ರಿಲ್ ಬಿಲ್ ಅವರು ಜುಲೈನಲ್ಲಿ ತೋರಿಸಿದರೂ ತಪ್ಪಲ್ಲ, ನಾವು ಕಾಯಬೇಕು. ಇನ್ನೊಂದನ್ನು ಹುಡುಕಿ ಹುಡುಕಿ ಸಾಕಾಯಿತು. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕ 29, ತೆಲಂಗಾಣ 36, ಮಹಾರಾಷ್ಟ್ರ 27. ನಮ್ಮದು ಹೈದರಾಬಾದಿನಲ್ಲಿ ಒಂದು ಗೋದಾಮಿದೆ. ಪಾರ್ಟಿ ಬಿಲ್ಲನ್ನು ಕಲಬುರಗಿಯ 29ಕ್ಕೆ ತೋರಿಸುವ ಬದಲು ಆ 36ಕ್ಕೆ ತೋರಿಸಿತ್ತು. ಗಡಿ ಜಿಲ್ಲೆಯಲ್ಲಿ ಕೆಲಸ ಮಾಡುವವರು ಈ ಮೂರು ಅಂಕಿ ಬಾಯಿಪಾಠ ಮಾಡಿಕೊಂಡರೆ ಒಳ್ಳೆಯದು.

ಉಳಿದ ಆರೂ ಚೀಲದ ಪಾರ್ಟಿಯೊಬ್ಬರವೇ. ಮೂರು ಸಲ ಮೇಲ್ ಹೋಗಿತ್ತು, ಉತ್ತರವಿಲ್ಲ. ಮೇ 17, ಶನಿವಾರ. ಧೈರ್ಯ ಮಾಡಿ ಫೋನ್ ಮಾಡಿದೆ. ಮೊದಲು ಇಂಗ್ಲಿಷ್ ಬೆರೆಸಿ ಶುರು ಮಾಡಿದೆ. ಆ ಕಡೆಯಿಂದ ಬರೀ "ಹಾಂ, ಹಾಂ". ಆಮೇಲೆ ಸುಮ್ನೆ ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಿದೆ.

"ಕಾಕಾ, ನಾ ಆಳಂದದಾಕಿ ಇದ್ದೀನ್ರೀ. ನಿಮ್ಮ ಬಿಲ್ಲು ನಮ್ಮ ಕಡೆ ಕಾಣಸವಲ್ದು."

"ಅಯ್ಯ, ಹಿಂಗ ಹೇಳಬೇಕಿಲ್ಲೇನವಾ! ಮೇಲ್ ಗೀಲ್ ನನಗೇನ್ ಗೊತ್ತು, ಅದು ನಮ್ಮ ಟ್ಯಾಕ್ಸ್ ಸಾಹೇಬರ ಮೊಬೈಲಿಗಿ ಹೋಗತದ."

ಪಾರ್ಟಿಯ ಮೇಲ್ ವಿಳಾಸ ಅಂತ ನಮ್ಮಲ್ಲಿ ಇದ್ದದ್ದು ಸೂಪರ್ ಮಾರ್ಕೆಟ್ ಹತ್ತಿರದ ಒಬ್ಬ ಟ್ಯಾಕ್ಸ್ ಸಲಹೆಗಾರರದು. ಅವರು ಊರಿಗೆ ಹೋಗಿದ್ದರಿಂದ ಏಪ್ರಿಲ್ ರಿಟರ್ನ್ ಬಾಕಿ ಉಳಿದಿತ್ತು. ಸೋಮವಾರ ಹಾಕಿಸಿದರು. ಬಿಲ್ ತೋರಿಸುವ ಕೊನೆ ದಿನವಾದ 11ನೇ ತಾರೀಖು ದಾಟಿದ್ದರಿಂದ ಆ ಬಿಲ್ಲುಗಳು ಮುಂದಿನ 2ಬಿಗೆ ಬಂದವು. ಈ ತಿಂಗಳು ದುಡ್ಡು ಕೈಯಿಂದ ಹೋಯಿತು, ಆದರೆ ಯಾವಾಗ ವಾಪಸ್ ಬರುತ್ತದೆ ಅನ್ನೋದು ಗೊತ್ತಾಯಿತು. ಅವತ್ತಿನಿಂದ ಆಫೀಸಿನವರು ಪಾರ್ಟಿಗಳ ಫೋನೆಲ್ಲ ನನ್ನ ಕಡೆಗೇ ತಳ್ಳಿದರು. ಹೈದರಾಬಾದಿನ ಮೀಟಿಂಗ್‌ಗಳಲ್ಲಿ ಮೈಕ್ ಮ್ಯೂಟ್ ಮಾಡಿಕೊಂಡು ಕೂರುತ್ತಿದ್ದವಳು ಇಲ್ಲಿ ಕನ್ನಡ, ಉರ್ದು ಬೆರೆಸಿ ದಿನಕ್ಕೆ ಇಪ್ಪತ್ತು ಫೋನ್ ಮಾಡುತ್ತಿದ್ದೆ.

ಕಾಲೇಜಿನ ವರದಿಯಲ್ಲಿ ಇದನ್ನೇ ಬರೆದೆ. ಗೈಡ್ ಮೇಡಂ ಓದಿ, ಕಂಪನಿ ಪರಿಚಯ ಹತ್ತು ಪುಟ ಜಾಸ್ತಿ ಮಾಡು, ಫೋನಿನ ಕಥೆ ತೆಗಿ ಅಂದರು. ತೆಗೆದೆ. ಮಾರ್ಕ್ಸ್ ಬೇಕಲ್ವಾ.

ಆದರೆ ಆಫೀಸಿನ ಎಕ್ಸೆಲ್‌ನಲ್ಲಿ ತೆಗೆಯಲಿಲ್ಲ. ಕೊನೆಯ ದಿನ ನನ್ನ ನಂತರ ಬರುವವರಿಗೆ ಒಂದು ಹೊಸ ಶೀಟ್ ಮಾಡಿಟ್ಟೆ. ಪಾರ್ಟಿ ಹೆಸರು, ರಿಟರ್ನ್ ತಿಂಗಳಿಗೋ ಮೂರು ತಿಂಗಳಿಗೋ, ಹಾಕುವವರು ಯಾರು, ಯಾವ ಭಾಷೆ. ಚೀಲದ ಕಾಕಾ ಮುಂದೆ ಹೀಗೆ ಬರೆದೆ: ಮೇಲ್ ಬೇಡ. ಮಧ್ಯಾಹ್ನ 2ರಿಂದ 4 ಫೋನ್ ಮಾಡಬೇಡಿ, ಮಲಗಿರುತ್ತಾರೆ.